ಒಂದು ಕಿವಿ ಮಿಲ್ಲಿಗೆ, ಒಂದು ಕಿವಿ ನನಗೆ

ನನ್ನ ಮೊಬೈಲಿನಲ್ಲಿ 31 ಪಾಡ್‌ಕಾಸ್ಟ್‌ಗಳಿವೆ. ಕೇಳುವುದು ನಾಲ್ಕೋ ಐದೋ. ಉಳಿದವು ಮದುವೆಯಲ್ಲಿ ಉಡುಗೊರೆ ಬಂದ ಸ್ಟೀಲ್ ಡಬ್ಬಿಗಳ ಹಾಗೆ. ಯಾರಿಗಾದರೂ ಕೊಡೋಣ ಅಂದರೆ ಮನಸ್ಸಿಲ್ಲ, ಬಳಸೋಣ ಅಂದರೆ ಕೆಲಸವಿಲ್ಲ, ಸುಮ್ನೆ ಜಾಗ ಹಿಡಿದು ಕೂತಿವೆ.

ಎಣಿಸುವ ಕೆಲಸ ಬಿದ್ದಿದ್ದು ಅಣ್ಣನ ಮಗನಿಂದ. ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಫೋನ್ ಮಾಡಿ, "ಕಾಕಾ, ನೀ ದಿನಾ ಕಿವ್ಯಾಗ ಹಾಕ್ಕೊಂಡು ಏನ್ ಕೇಳ್ತಿರ್ತಿ? ಛಲೋ ಇದ್ದವು ಒಂದ್ ಹತ್ತು ಲಿಸ್ಟ್ ಮಾಡಿ ಕಳಸು" ಅಂದ. ಅಷ್ಟೇ ತಾನೇ ಅಂತ ಕೂತೆ. ಮೂರು ದಿನವಾದರೂ ಲಿಸ್ಟ್ ಆಗಲಿಲ್ಲ. ಬರೆದ ನಾಲ್ಕು ಹೆಸರಿಗೂ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಒಂದು ಬೆಂಗಳೂರಿನ ಕನ್ನಡ ಹರಟೆ. ಒಂದು ದಿಲ್ಲಿ ಕಡೆಯ ಹಿಂದಿ ಹರಟೆ. ಒಂದು ಲಂಡನ್ನಿನ ಪ್ರೊಫೆಸರ್‌ಗಳ ಮಾತು. ಈ ಮನುಷ್ಯನ ರುಚಿ ಏನು ಅಂತ ಯಾರಾದರೂ ಕೇಳಿದರೆ ನಾನೇ ಹೇಳಲಾರೆ.

ನಾನು ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಕಲಬುರಗಿಯಲ್ಲಿ ಇದೇನು ವಿಶೇಷ ಪರಿಚಯವಲ್ಲ, ಕಲ್ಲೆಸೆದರೆ ಯಾವುದಾದರೂ ದಾಲ್ ಮಿಲ್ಲಿನ ತಗಡಿಗೇ ಬೀಳುವ ಊರು. ಒಂದು ಗಾಜಿನ ಕ್ಯಾಬಿನ್, ಒಂದು ಕಂಪ್ಯೂಟರ್, ಟ್ಯಾಲಿ, ತೂಕದ ಚೀಟಿಗಳ ಕಟ್ಟು. ಗಾಜಿನ ಆಚೆ ಮಿಷಿನ್. ತೊಗರಿಯ ಸಿಪ್ಪೆ ತೆಗೆಯುವ ರೋಲರ್ ಬೆಳಿಗ್ಗೆಯಿಂದ ಸಂಜೆತನಕ ಗರಗರ ಅನ್ನುತ್ತಲೇ ಇರುತ್ತದೆ. ಗಾಜು ಅದನ್ನೇನೂ ತಡೆಯಲ್ಲ. ನಾನು ಇಯರ್‌ಫೋನ್ ಹಾಕುವುದು ಒಂದೇ ಕಿವಿಗೆ. ಇನ್ನೊಂದು ಕಿವಿ ಮಿಲ್ಲಿನದು. ಹಮಾಲರು ಕೂಗಿದರೆ, ಲಾರಿ ಬಂದರೆ, ರೋಲರಿನ ಸಪ್ಪಳ ಬದಲಾದರೆ ಕೇಳಬೇಕಲ್ವಾ.

ಈ ಒಂದು ಕಿವಿಯ ಪರೀಕ್ಷೆಯಲ್ಲಿ ಬಹಳ ಜನ ಫೇಲಾಗುತ್ತಾರೆ. ಮಾತಿನ ಹಿಂದೆ ಸಂಗೀತ ಬಿಡುವವರು ಮೊದಲ ನಿಮಿಷಕ್ಕೇ ಹೋದರು. ಆ ಸಂಗೀತವೂ ರೋಲರೂ ಸೇರಿ ಜಾತ್ರೆಯಾಗುತ್ತದೆ. ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುವವರು ಹೋದರು. ವಾಕ್ಯದ ಕೊನೆಯನ್ನು ನುಂಗುವವರು ಹೋದರು. ಉಳಿಯುವುದು ಅವಸರವಿಲ್ಲದ ದನಿ. ಒಂದು ಮಾತು ಹೇಳಿ, ಒಂದು ಉಸಿರು ಬಿಟ್ಟು, ಇನ್ನೊಂದು ಮಾತಿಗೆ ಹೋಗುವ ದನಿ. ವಿಷಯ ಆಮೇಲಿನದು. ನನ್ನ ಅಭಿರುಚಿ ಅಂತ ಏನಿದೆಯೋ ಅದರಲ್ಲಿ ಅರ್ಧ ಆ ರೋಲರ್ ಮಾಡಿದ್ದು.

ಇನ್ನರ್ಧ ಮುತ್ಯಾನ ರೇಡಿಯೋ.

ನಮ್ಮ ಊರು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ಮುತ್ಯಾ, ಅಂದರೆ ನಮ್ಮ ಅಜ್ಜ, ನಿಜಾಮನ ಕಾಲದಲ್ಲಿ ಹುಟ್ಟಿದವನು, ಓದಿದ್ದು ಉರ್ದು ಮೀಡಿಯಂ. ಹೊಲದ ಲೆಕ್ಕವನ್ನೂ ಕೊನೆತನಕ ಉರ್ದುವಿನಲ್ಲೇ ಬರೆದ. 1948ರಲ್ಲಿ ನಿಜಾಮನ ರಾಜ್ಯ ಹೋಯಿತು, 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಸೇರಿದೆವು, ಮುತ್ಯಾನ ಲೆಕ್ಕದ ವಹಿ ಮಾತ್ರ ಬಲದಿಂದ ಎಡಕ್ಕೇ ಹೋಗುತ್ತಿತ್ತು. ಅವನ ರೇಡಿಯೋಕ್ಕೆ ತೊಗಲಿನ ಅಂಗಿ, ಆ ಅಂಗಿಗೆ ಸಣ್ಣ ಸಣ್ಣ ತೂತು. ಸೆಲ್ಲು ಸೋತರೆ ಮಾಳಿಗೆಯ ಮೇಲೆ ಬಿಸಿಲಿಗೆ ಇಡುತ್ತಿದ್ದ. ನಮ್ಮ ಬಿಸಿಲಿಗೆ ಹಪ್ಪಳ, ಸಂಡಿಗೆಯ ಜೊತೆ ಸೆಲ್ಲೂ ಒಣಗಿ ಇನ್ನೆರಡು ದಿನ ನಡೆಯುತ್ತಿತ್ತು.

ಸಂಜೆ ಶಾರ್ಟ್‌ವೇವ್‌ನಲ್ಲಿ ಬಿಬಿಸಿ ಉರ್ದು. 'ಸೈರ್‌ಬೀನ್' ಅನ್ನೋ ಸುದ್ದಿ ಕಾರ್ಯಕ್ರಮ ಶುರುವಾದರೆ ಮನೆಯಲ್ಲಿ ಯಾರೂ ಪಾತ್ರೆ ಸಪ್ಪಳ ಮಾಡುವಂತಿರಲಿಲ್ಲ. "ಸುದ್ದಿ ಉರ್ದುದಾಗ, ಹಾಡು ಹಿಂದಿದಾಗ, ಬೈಗಳು ಕನ್ನಡದಾಗ" ಅಂತ ನಮ್ಮ ಅಪ್ಪ ಅವನನ್ನು ಕಾಡಿಸುತ್ತಿದ್ದರು. ಅಪ್ಪನದು ಬೇರೆ ಚಟ. ರೇಡಿಯೋ ಸಿಲೋನಿನ ಹಿಂದಿ ಹಾಡಿನ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ, ಬುಧವಾರ ರಾತ್ರಿ ಎಂಟಕ್ಕೆ. ಅದನ್ನು ನಡೆಸಿಕೊಡುತ್ತಿದ್ದ ಅಮೀನ್ ಸಯಾನಿ "ಬೆಹನೋ ಔರ್ ಭಾಯಿಯೋ" ಅಂತ ಅಕ್ಕತಂಗಿಯರನ್ನು ಮೊದಲು ಕರೆಯುತ್ತಿದ್ದುದನ್ನು ಅಪ್ಪ ನನಗೆ ನೂರು ಸಲ ಹೇಳಿದ್ದಾರೆ. 2024ರ ಫೆಬ್ರುವರಿಯಲ್ಲಿ ಸಯಾನಿ ತೀರಿಕೊಂಡ ಸುದ್ದಿ ಬಂದ ದಿನ, ಅಪ್ಪ ಊಟದ ತಟ್ಟೆ ಮುಂದಿಟ್ಟುಕೊಂಡು ಆ ಮೂರು ಪದವನ್ನು ಅದೇ ಧಾಟಿಯಲ್ಲಿ ಹೇಳಿ ನೋಡಿದರು. ಸರಿ ಬರಲಿಲ್ಲ. ಇನ್ನೊಮ್ಮೆ ಹೇಳಿದರು.

ರಾತ್ರಿಯ ಮೀಡಿಯಂವೇವ್ ನನಗೆ ಎಲ್ಲಕ್ಕಿಂತ ಇಷ್ಟವಿತ್ತು. ಹಗಲು ಕಲಬುರಗಿ ಬಿಟ್ಟರೆ ಬೇರೆ ಊರು ಕಷ್ಟ. ಕತ್ತಲಾದ ಮೇಲೆ ಮುಳ್ಳು ಸ್ವಲ್ಪ ಸರಿಸಿದರೆ ಸಾಕು, ಗೊತ್ತಿಲ್ಲದ ಭಾಷೆಗಳು ಬರುತ್ತಿದ್ದವು. "ರಾತ್ರಿಗಿ ದೂರದ ಊರು ಹತ್ರ ಬರ್ತಾವ" ಅನ್ನುತ್ತಿದ್ದ ಮುತ್ಯಾ. ಆಕಾಶದ ಮೇಲಿನ ಒಂದು ಪದರ ಹಗಲು ಈ ಅಲೆಗಳನ್ನು ಹೀರಿಕೊಳ್ಳುತ್ತದೆ, ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಅಲೆ ಇನ್ನೂ ಮೇಲಕ್ಕೆ ಹೋಗಿ ಬಡಿದು ನೂರಾರು ಮೈಲಿ ಆಚೆ ಇಳಿಯುತ್ತದೆ ಅಂತ ಕಾಲೇಜಿನಲ್ಲಿ ಓದಿದೆ. ಮುತ್ಯಾ ಹೇಳಿದ್ದೂ ಅದೇ.

ಆಕಾಶವಾಣಿ ಕಲಬುರಗಿ ಶುರುವಾದದ್ದು 1966ರಲ್ಲಿ. ಅದರ ಕನ್ನಡ ಮುತ್ಯಾನಿಗೆ ಒಗ್ಗಲೇ ಇಲ್ಲ. ಕೃಷಿ ಕಾರ್ಯಕ್ರಮ ತಪ್ಪದೆ ಕೇಳುತ್ತಿದ್ದ. ಮಳೆಯ ಮಾತು, ಬಿತ್ತನೆಯ ಮಾತು, ಕೇಳದೆ ಆಗುತ್ತದೆಯೇ. ಆದರೆ ನಡುನಡುವೆ ನಗುತ್ತಿದ್ದ. "ಇವರು ಇಸ್ತ್ರಿ ಮಾಡಿದ ಕನ್ನಡ ಮಾತಾಡ್ತಾರ. ಒಂದ್ ಗೀರು ಬೀಳಂಗಿಲ್ಲ."

ಆ ಮಾತು ಆಗ ನನಗೆ ಬರೀ ತಮಾಷೆಯಾಗಿತ್ತು.

ಟಿವಿಯದು ಇನ್ನೊಂದು ಕಥೆ. ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ಬೆಂಗಳೂರಿಗಲ್ಲ, ನಮ್ಮ ಕಡೆಯ ಹಳ್ಳಿಗಳಿಗೆ. ಹೇಳಿದರೆ ಅಣ್ಣನ ಮಗನೇ ನಂಬಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳು. ಕೋಳಿ ಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ ದೊಡ್ಡ ಕೊಡೆಯೇ ಆಂಟೆನಾ. ನಮ್ಮ ಹಳ್ಳಿಗೆ ಅದು ಬರಲಿಲ್ಲ. ಅಪ್ಪ ಪಕ್ಕದ ಹಳ್ಳಿಗೆ ನಡೆದುಕೊಂಡು ಹೋದರು. ಶಾಲೆಯ ಮುಂದೆ ಊರಿಗೆ ಊರೇ ಕೂತಿತ್ತು. ಮುಂದೆ ಜಾಗವಿಲ್ಲ, ಪಕ್ಕದಲ್ಲೂ ಇಲ್ಲ. ಕೊನೆಗೆ ಟಿವಿಯ ಬೆನ್ನಿನ ಕಡೆ ಕೂತು ಇಡೀ ಕಾರ್ಯಕ್ರಮ ಬರೀ ಕೇಳಿ ಬಂದರು. ಎದುರಿಗಿದ್ದವರ ಮುಖ ನೋಡುತ್ತಾ, ಅವರು ಯಾವಾಗ ಬಾಯಿ ತೆರೆಯುತ್ತಾರೆ, ಯಾವಾಗ ನಗುತ್ತಾರೆ ಅಂತ. ಒಂದು ವರ್ಷಕ್ಕೆ ಉಪಗ್ರಹ ವಾಪಸ್ ಹೋಯಿತು. 1977ರಲ್ಲಿ ಕಲಬುರಗಿಯಲ್ಲೇ ದೂರದರ್ಶನ ಬಂತು. ಬೆಂಗಳೂರು 1981ರವರೆಗೆ ಕಾಯಿತು. ಜಗಳಕ್ಕೆ ಬೇಕಾದಾಗ ಈ ಲೆಕ್ಕ ತೆಗೆಯುತ್ತೇನೆ.

ನನ್ನ ಪಾಲಿಗೆ ಹೊಸ ಪೆಟ್ಟಿಗೆ ಅಂದರೆ ಬ್ಲಾಗು. 2007ರ ಸುಮಾರು. ಸೂಪರ್ ಮಾರ್ಕೆಟ್ ಹತ್ತಿರ ಒಂದು ಸೈಬರ್ ಕೆಫೆ. ಗಂಟೆಗೆ ಇಪ್ಪತ್ತು ರೂಪಾಯಿ. ಹತ್ತು ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತಿದ್ದುದು ನಾಲ್ಕನೇ ನಂಬರಿನದರಲ್ಲಿ ಮಾತ್ರ. ಉಳಿದವುಗಳಲ್ಲಿ ಬರೀ ಚೌಕ ಚೌಕ ಡಬ್ಬಿ. ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಅನ್ನೋ ಕನ್ನಡ ಅಕ್ಷರ ಕೊಟ್ಟಿದ್ದರೂ, ಸೆಟ್ಟಿಂಗಿಗೆ ಹೋಗಿ ಒಂದು ಟಿಕ್ ಹಾಕದಿದ್ದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ನಾಲ್ಕನೆಯದಕ್ಕೆ ಆ ಟಿಕ್ ಹಾಕಿದ ಪುಣ್ಯಾತ್ಮ ಯಾರೋ. ಅದು ಖಾಲಿಯಾಗುವತನಕ ಹೊರಗೆ ಸುಸಲಾ, ಮಿರ್ಚಿ ಭಜಿ ತಿನ್ನುತ್ತಾ ನಿಲ್ಲುತ್ತಿದ್ದೆ.

ಮೊದಲು ಸಿಕ್ಕಿದ್ದು 2005ರಲ್ಲಿ ಶುರುವಾಗಿದ್ದ ಕನ್ನಡ ಜಾಲತಾಣ 'ಸಂಪದ'. ಆಮೇಲೆ 'ಕೆಂಡಸಂಪಿಗೆ', 'ಅವಧಿ'. ಅಲ್ಲಿಂದ ಕೊಂಡಿ ಹಿಡಿದು ಹಿಡಿದು ಒಬ್ಬೊಬ್ಬರದೇ ಬ್ಲಾಗುಗಳಿಗೆ. ನನಗೆ ದೊಡ್ಡ ಪುಟಗಳಿಗಿಂತ ಈ ಒಂಟಿ ಬ್ಲಾಗುಗಳೇ ಹಿಡಿಸಿದವು. ಯಾರೂ ಓದುತ್ತಿಲ್ಲ ಅಂದುಕೊಂಡು ಬರೆದವುಗಳಲ್ಲಿ ಒಂದು ಸುಖ ಇರುತ್ತದೆ.

ಮಲೆನಾಡಿನ ಕಡೆಯ ಒಬ್ಬರಿದ್ದರು. ಹೆಸರು ಹೇಳುವುದು ಬೇಡ. ಅವರ ಮನೆಯ ಹಂಚು ಸೋರುತ್ತಿತ್ತು. ಅದರ ಮೇಲೆ ಮೂರು ಬರಹ ಬರೆದಿದ್ದರು. ಮೊದಲನೆಯದರಲ್ಲಿ ಎಲ್ಲಿ ಸೋರುತ್ತಿದೆ ಅಂತ ಹುಡುಕಾಟ. ನೀರು ಬೀಳುವ ಜಾಗ ಒಂದು, ಹಂಚು ಒಡೆದ ಜಾಗ ಇನ್ನೊಂದು, ನಡುವೆ ಮರದ ಪಕಾಸಿಯ ಗುಂಟ ನೀರು ಎಷ್ಟು ದೂರ ಹರಿದು ಬರುತ್ತದೆ ಅನ್ನೋದೇ ಎರಡು ಪುಟ. ನಾನು ಹುಟ್ಟಿದ್ದು ಮಣ್ಣಿನ ಮಾಳಿಗೆ, ನೆಲಕ್ಕೆ ಶಹಾಬಾದಿ ಫರಸಿ ಹಾಸಿದ ಮನೆಯಲ್ಲಿ. ಹಂಚಿನ ಮನೆಯೊಳಗೆ ಕಾಲಿಟ್ಟವನೂ ಅಲ್ಲ. ಆದರೂ ನಾಲ್ಕನೇ ನಂಬರ್ ಕಂಪ್ಯೂಟರ್ ಮುಂದೆ ಕೂತು, ಹೊರಗೆ 43 ಡಿಗ್ರಿ ಬಿಸಿಲಿರುವಾಗ, ಆ ಸೋರಿಕೆ ಯಾವಾಗ ನಿಲ್ಲುತ್ತೋ ಅಂತ ಚಡಪಡಿಸಿದ್ದೆ. ಮೂರನೇ ಬರಹದಲ್ಲೂ ನಿಲ್ಲಲಿಲ್ಲ. "ಉಳಿದದ್ದು ಮುಂದಿನ ವಾರ" ಅಂತಿತ್ತು. ಅದು 2011. ಆಮೇಲೆ ಅವರು ಬರೆಯಲೇ ಇಲ್ಲ.

ಅವರ ಬ್ಲಾಗು ಈಗಲೂ ನನ್ನ ಫೀಡ್ ರೀಡರಿನಲ್ಲಿದೆ, ಅಂದರೆ ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ತಂದುಕೊಡುವ ಆ್ಯಪಿನಲ್ಲಿ. 2013ರ ಜುಲೈ 1ಕ್ಕೆ ಗೂಗಲ್ ರೀಡರ್ ಬಾಗಿಲು ಹಾಕಿತಲ್ಲ, ಆಗ ಬೇರೆ ಆ್ಯಪ್ ಹುಡುಕಿ ಎಲ್ಲವನ್ನೂ ಅಲ್ಲಿಗೆ ಸಾಗಿಸಿದೆ. ಸಾಗಿಸಿದ ಐವತ್ತರಲ್ಲಿ ಈಗ ಉಸಿರಾಡುತ್ತಿರುವುದು ಆರು. ಬಹಳ ಜನ ಫೇಸ್‌ಬುಕ್ಕಿಗೆ ಹೋದರು. ಅಲ್ಲಿಯೂ ಓದುತ್ತೇನೆ. ಆದರೆ ಅದೇ ಜನ ಅಲ್ಲಿ ಬೇರೆ ದನಿಯಲ್ಲಿ ಬರೆಯುತ್ತಾರೆ. ಮೊದಲ ಸಾಲಿನಲ್ಲೇ ಕೈಹಿಡಿದು ಎಳೆಯುತ್ತಾರೆ, ಕೊನೆಯ ಸಾಲಿನಲ್ಲಿ ಚಪ್ಪಾಳೆಗೆ ನಿಲ್ಲುತ್ತಾರೆ. ಹಂಚಿನ ಸೋರಿಕೆಗೆ ಅಲ್ಲಿ ಜಾಗವಿಲ್ಲ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಅಲ್ಲಿತನಕ ಡೇಟಾ ಅನ್ನೋದನ್ನು ನಾವು ತುಪ್ಪದ ಹಾಗೆ ಬಡಿಸಿಕೊಳ್ಳುತ್ತಿದ್ದೆವು. ಆಮೇಲೆ ಮಜ್ಜಿಗೆಯ ಹಾಗೆ. ಮಿಲ್ಲಿನಲ್ಲಿ ಕೂತು ಪಾಡ್‌ಕಾಸ್ಟ್ ಕೇಳುವ ಚಟ ಹತ್ತಿದ್ದು ಹಾಗೆ. ಎರಡು ವರ್ಷ ಕಳೆದ ಮೇಲೆ 'ತಲೆ-ಹರಟೆ' ಸಿಕ್ಕಿತು. ಕನ್ನಡದಲ್ಲಿ ವಿಜ್ಞಾನ, ಊರು, ಊಟ, ಕಾನೂನು ಅಂತ ಕೂತು ಮಾತಾಡುವವರೂ ಇದ್ದಾರೆ ಅಂತ ಖುಷಿಯಾಯ್ತು. ಬೆಂಗಳೂರಿನ ಕನ್ನಡ, ಇಂಗ್ಲಿಷು ಧಾರಾಳ. ಆದರೂ ಬಂದವರನ್ನು ಮಾತಾಡಲು ಬಿಡುತ್ತಾರೆ. 'ಋತುಮಾನ' ಅನ್ನೋ ಜಾಲಪತ್ರಿಕೆಯವರು ದನಿಯಲ್ಲಿ ಹಾಕಿದ ಬರಹಗಳನ್ನು ಭಾನುವಾರ ಕಲಬುರಗಿಯ 'ಅಪ್ಪನ ಕೆರೆ' ಸುತ್ತುವಾಗ ಕೇಳುತ್ತೇನೆ, ಎರಡೂ ಕಿವಿಯಲ್ಲಿ.

ಹಿಂದಿಯಲ್ಲಿ 'ತೀನ್ ತಾಲ್'. ಮೂರು ಜನ ಗಂಡಸರು ವಾರಕ್ಕೊಮ್ಮೆ ಕೂತು ಕೆಲಸಕ್ಕೆ ಬಾರದ್ದನ್ನು ಮಾತಾಡುವುದು, ನಡುವೆ ಕೇಳುಗರ ಕಾಗದ ಓದುವುದು. ನನ್ನ ಹೆಂಡತಿಗೆ ಅದು ಒಂದು ನಿಮಿಷವೂ ಸೇರಲ್ಲ. "ಮೂರ್ ಮಂದಿ ಗಂಡಸರು ಕಟ್ಟಿ ಮ್ಯಾಲ ಕೂತು ಮಾತಾಡೋದು ಕೇಳ್ಲಾಕ ಮೊಬೈಲ್ ಯಾಕ ಬೇಕ್ರಿ? ಓಣ್ಯಾಗ ಹೋಗ್ರಿ" ಅನ್ನುತ್ತಾಳೆ. ಮಾತು ಸರಿಯೇ. ಆದರೆ ಅವರ ಹಿಂದಿಯಲ್ಲಿ ಆಗಾಗ ಉರ್ದುವಿನ ಒಂದು ಪದ ತೇಲಿಬರುತ್ತದಲ್ಲ, ಮುತ್ಯಾನ ವಹಿ ತೆರೆದ ಹಾಗಾಗುತ್ತದೆ.

ಲಂಡನ್ನಿನದು ಬಿಬಿಸಿಯ 'ಇನ್ ಅವರ್ ಟೈಮ್'. 1998ರಿಂದ ನಡೆಯುತ್ತಿದೆ. ಮೂವರು ಪ್ರೊಫೆಸರುಗಳು, ಮುಕ್ಕಾಲು ಗಂಟೆ, ಒಂದೇ ವಿಷಯ. ಇರುವೆಯೂ ಆಗಬಹುದು, ಗ್ರೀಕರ ಯುದ್ಧವೂ ಆಗಬಹುದು. ನಡೆಸುತ್ತಿದ್ದ ಮೆಲ್ವಿನ್ ಬ್ರ್ಯಾಗ್ 2025ರಲ್ಲಿ ಬಿಟ್ಟರು. ಮುದುಕನಿಗೆ ತಾಳ್ಮೆ ಕಡಿಮೆ, ಪ್ರೊಫೆಸರ್ ದಾರಿ ತಪ್ಪಿದರೆ ನಡುವೆ ಕತ್ತರಿಸಿ ಎಳೆದು ತರುತ್ತಿದ್ದರು. ನನಗೆ ಅರ್ಧ ಅರ್ಥವಾಗುತ್ತದೆ. ಮೀಡಿಯಂವೇವ್‌ನಲ್ಲಿ ದೂರದ ಸ್ಟೇಷನ್ ಕೇಳಿದ ಹಾಗೆ, ಆ ಅರ್ಧವೇ ಚಂದ. ಅಮಿತ್ ವರ್ಮಾ ಅವರ ಉದ್ದನೆಯ ಇಂಗ್ಲಿಷ್ ಮಾತುಕತೆಗಳನ್ನು ಮಾತ್ರ ರೈಲಿಗೆ ಇಟ್ಟುಕೊಳ್ಳುತ್ತೇನೆ. ಕಲಬುರಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಶುರು ಮಾಡಿದರೆ ಗುಂತಕಲ್ ಬಂದರೂ ಮುಗಿದಿರಲ್ಲ.

ಬೇಡದವು? ಯೂಟ್ಯೂಬಿನ ಎರಡು-ಮೂರು ಗಂಟೆಯ ಸಂದರ್ಶನಗಳು ಬಹುಪಾಲು ಬೇಡ. ಮೊದಲ ಎರಡು ನಿಮಿಷ ಅತಿಥಿ ಅಳುವ ತುಂಡು, ಬೈಯುವ ತುಂಡು, ಹಿಂದೆ ಡಂಡಂ ಅನ್ನುವ ಸದ್ದು. ಆಮೇಲೆ ಹತ್ತು ನಿಮಿಷ ಹೊಗಳಿಕೆ. ಬೆಳಿಗ್ಗೆ ಐದಕ್ಕೆ ಎದ್ದರೆ ಕೋಟ್ಯಧೀಶರಾಗುತ್ತೀರಿ ಅನ್ನುವವರೂ ಬೇಡ. ನಮ್ಮ ಮಿಲ್ಲಿನ ಹಮಾಲರು ನಾಲ್ಕಕ್ಕೇ ಏಳುತ್ತಾರೆ.

ಅಣ್ಣನ ಮಗ ಎಲ್ಲವನ್ನೂ ಒಂದೂವರೆ ಸ್ಪೀಡಿನಲ್ಲಿ ಕೇಳುತ್ತಾನಂತೆ. ಟೈಮ್ ಉಳಿಯುತ್ತದಂತೆ. ಒಮ್ಮೆ ಅವನ ಮೊಬೈಲಿನಲ್ಲಿ ಕೇಳಿ ನೋಡಿದೆ. ಮಾತೆಲ್ಲ ಇತ್ತು, ಉಸಿರು ಇರಲಿಲ್ಲ.

ಇಷ್ಟೆಲ್ಲ ಕೇಳಿದರೂ ಒಂದು ಕೊರತೆ ಇದೆ. ನನ್ನ ಮಾತು ನನ್ನ ಕಿವಿಗೆ ಬಿದ್ದೇ ಇಲ್ಲ. ಸಿನಿಮಾದಲ್ಲಿ, ರೀಲ್ಸಿನಲ್ಲಿ ನಮ್ಮ ಕಡೆಯ ಕನ್ನಡ ಬೇಕಾದಷ್ಟಿದೆ, ನಗಿಸೋಕೆ. ಒಬ್ಬ "ಮಾಡ್ಲತ್ತೀನ್ರಿ" ಅಂದರೆ ಸಾಕು, ಜನ ನಗಲು ತಯಾರಾಗುತ್ತಾರೆ. ಅದೇ ಮಾತಿನಲ್ಲಿ ಜಿಎಸ್‌ಟಿ ಬಗ್ಗೆ, ಸಾವಿನ ಬಗ್ಗೆ, ಹಂಚಿನ ಸೋರಿಕೆಯ ಬಗ್ಗೆ ಯಾರಾದರೂ ಅರ್ಧ ಗಂಟೆ ಮಾತಾಡಿದರೆ ಹೇಗಿರುತ್ತದೆ? ಯಾರೂ ಮಾಡದಿದ್ದರೆ ನಾನೇ ಮಾಡೋಣ ಅನ್ನಿಸಿತು. ಐವತ್ತಕ್ಕೆ ಹತ್ತಿರ ಬಂದವರಿಗೆ ಇಂಥ ಹುಚ್ಚು ಒಂದೊಂದು ಸಲ ಬರುತ್ತದೆ.

ಮಿಲ್ಲಿಗೆ ರಜೆ ಇದ್ದ ಒಂದು ಭಾನುವಾರ ಹೋದೆ. ರೋಲರ್ ನಿಂತಿತ್ತು. ಅಂಗಳದಲ್ಲಿ ಎಣ್ಣೆ ಸವರಿದ ತೊಗರಿ ಒಣಗಲು ಹರವಿದ್ದರು. ಒಂದು ಚೀಲದ ಮೇಲೆ ಕೂತು ಮೊಬೈಲ್ ಆನ್ ಮಾಡಿ, ತೊಗರಿ ಬೇಳೆಯಾಗುವ ಬಗೆಯನ್ನು ಹನ್ನೆರಡು ನಿಮಿಷ ಹೇಳಿದೆ. ದಿನಾ ನೋಡುವ ಕೆಲಸ, ಒಂದು ಚೀಟಿಯೂ ಬೇಕಿರಲಿಲ್ಲ. ಮನೆಗೆ ಬಂದು ಮಗಳ ಮುಂದೆ ಹಾಕಿದೆ.

"ಆತ್ಮೀಯ ಕೇಳುಗರೇ, ತೊಗರಿಯು ನಮ್ಮ ಭಾಗದ ಪ್ರಮುಖ ಬೆಳೆಯಾಗಿದ್ದು, 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಅಥವಾ ಜಿಐ ಮಾನ್ಯತೆ ಲಭಿಸಿರುತ್ತದೆ. ಒಂದು ಕ್ವಿಂಟಲ್ ತೊಗರಿಯಿಂದ ಅಂದಾಜು 70ರಿಂದ 75 ಕಿಲೋ ಬೇಳೆಯು ದೊರೆಯುತ್ತದೆ..."

ಮಗಳು ನನ್ನ ಮುಖ ನೋಡಿದಳು. "ಅಪ್ಪಾ, ಇದು ಯಾರು?"

ಇಸ್ತ್ರಿ ಅಂದರೆ ಇಸ್ತ್ರಿ. ಒಂದು ಗೀರಿಲ್ಲ. ಮೈಕ್ ಹತ್ತಿರ ಬಂದ ಕೂಡಲೇ ನನ್ನೊಳಗಿನಿಂದ ಆಕಾಶವಾಣಿಯವರು ಎದ್ದು ಬಂದಿದ್ದರು. ಜಿಐ ಮಾನ್ಯತೆ "ಲಭಿಸಿರುತ್ತದೆ" ಅಂತ ನಾನು ಜನ್ಮದಲ್ಲಿ ಯಾರಿಗೂ ಹೇಳಿದವನಲ್ಲ. ಮುತ್ಯಾ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದ.

ಅಳಿಸಿಬಿಡೋಣ ಅಂತ ನೋಡಿದರೆ ಫೈಲು ಹದಿನಾಲ್ಕು ನಿಮಿಷದ್ದು. ಮಾತು ಮುಗಿಸಿ ನಾನು ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ. ಹನ್ನೆರಡು ನಿಮಿಷದ ಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಗುಬ್ಬಿಗಳ ಸದ್ದು ಅಷ್ಟೇ. ತೊಗರಿಗೆ ಬಂದು ಕೂರುತ್ತವೆ. ಆಮೇಲೆ ಚಪ್ಪಲಿಯ ಸಪ್ಪಳ. ನಮ್ಮ ಮಿಲ್ಲಿನ ಹಿರೀ ಹಮಾಲ, ಭಾನುವಾರ ಕಾವಲಿಗೆ ಇರುವವನು.

"ಸಾಹೇಬ್ರ, ಯಾರ್ ಕೂಡ ಮಾತಾಡ್ಲತ್ತಿದ್ರಿ?"

"ಯಾರ್ ಕೂಡ ಇಲ್ಲ ಬಿಡೋ ಮಾರಾಯ. ಈ ಮಾಲು ಒಣಗ್ಯದನು ನೋಡು."

ಕೂತ ಸದ್ದು. ತೊಗರಿಯಲ್ಲಿ ಕೈಯಾಡಿಸಿದ ಸದ್ದು, ಮಳೆ ಶುರುವಾದ ಹಾಗೆ. ಆಮೇಲೆ ಅವನು ಒಂದು ಕಾಳು ಬಾಯಿಗೆ ಹಾಕಿ ಕಡಿದಿದ್ದಾನೆ. 'ಕಟ್' ಅಂತ ಮೊಬೈಲಿನಲ್ಲಿ ಸ್ಪಷ್ಟವಾಗಿ ಬಿದ್ದಿದೆ.

"ಇದು ಆಗ್ಯದ್ರಿ. ಹಲ್ಲಾಗ ಸಪ್ಪಳ ಬರ್ಬೇಕ್ ನೋಡ್ರಿ. ಆ ಮೂಲಿದು ನೋಡ್ತೀನಿ ತಡೀರಿ." ಎದ್ದು ಹೋಗಿದ್ದಾನೆ. ದೂರದಿಂದ ಏನೋ ಸಣ್ಣ ಸದ್ದು. "ಇದು ಮಾತಾಡವಲ್ದು. ಇನ್ನ ಎಲ್ಡ್ ದಿನ ಬಿಸಲು ಕುಡೀಲಿ."

"ಕುಡೀಲಿ ತಗೋ. ನಂಬಲ್ಲಿ ಬಿಸಲಿಗೇನ್ ಬರಗಾಲ."

ಇಬ್ಬರೂ ನಕ್ಕಿದ್ದೇವೆ. ಅಲ್ಲಿಗೆ ನಿಂತಿದೆ.

ಮೊದಲ ಹನ್ನೆರಡು ನಿಮಿಷ ಕತ್ತರಿಸಿ ಹಾಕಿದೆ. ಉಳಿದದ್ದನ್ನು ಆ ಹಮಾಲನಿಗೆ ಕೇಳಿಸಿದೆ, ಯಾರಿಗಾದರೂ ಕಳಿಸಲೇನು ಅಂದೆ. "ನನ್ನ ಹಲ್ಲಿನ ಸಪ್ಪಳ ಯಾರ್ ಕೇಳ್ತಾರ್ರಿ, ಕಳಸ್ರಿ" ಅಂದ. ರಾತ್ರಿ ಅಣ್ಣನ ಮಗನಿಗೆ ನಾಲ್ಕು ಹೆಸರಿನ ಲಿಸ್ಟ್ ಕಳಿಸಿದೆ. ಐದನೆಯದಾಗಿ ಆ ತುಂಡು. ಕೆಳಗೆ ಒಂದು ಸಾಲು ಸೇರಿಸಿದೆ: ಸ್ಪೀಡು ಒಂದಕ್ಕೇ ಇಟ್ಟು ಕೇಳು.